ಐದು ಇವಿ, ಎರಡು ಗನ್ನು, ಬಂಡೀಪುರದ ದಾರಿ

ರಜೆ ಹತ್ತಿರ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಈ ಪ್ರಶ್ನೆ ಖಾಯಂ: “ಸರ್, ನಾಲ್ಕೈದು ಮನೆಯವರು ಸೇರಿ ಇವಿಯಲ್ಲೇ ಬಂಡೀಪುರಕ್ಕೆ ಹೊರಟಿದ್ದೀವಿ, ಚಾರ್ಜ್ ಸಾಲುತ್ತಾ?” ಇವಿ, ಅಂದರೆ ಬ್ಯಾಟರಿಯಲ್ಲಿ ಓಡುವ ವಿದ್ಯುತ್ ಕಾರುಗಳ ಚಾರ್ಜಿಂಗ್ ಸ್ಟೇಷನ್‌ಗಳಿಗೆ ವಿದ್ಯುತ್ ವ್ಯವಸ್ಥೆ ರೂಪಿಸುವುದು ನನ್ನ ಕೆಲಸ. ಒಂದೇ ಕಾರಾದರೆ ಹೆಚ್ಚು ಯೋಚಿಸದೆ ಹೊರಡಿ ಅನ್ನುತ್ತೇನೆ. ಐದು ಕಾರು ಎಂದ ಕೂಡಲೇ ಬ್ಯಾಟರಿಯ ಮಾತು ಬಿಟ್ಟು, ಐದೂ ಒಂದೇ ಕಡೆ ಒಂದೇ ಹೊತ್ತಿಗೆ ಚಾರ್ಜಿಗೆ ನಿಂತರೆ ಎಷ್ಟು ಗಂಟೆ ಹೋಗುತ್ತದೆ ಎಂದು ಲೆಕ್ಕ ಹಾಕಿಸುತ್ತೇನೆ. ಏಕೆಂದರೆ ಬಂಡೀಪುರದ ಕಾಡಿನೊಳಗಿನ ಹೆದ್ದಾರಿಗಳಲ್ಲಿ 2009ರಿಂದಲೂ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ಬಂದ್. ಮೈಸೂರಿನಲ್ಲಿ ಗನ್ನಿಗಾಗಿ (ಚಾರ್ಜರಿನಿಂದ ಬಂದು ಕಾರಿಗೆ ಚುಚ್ಚುವ ಹಿಡಿಕೆಗೆ ಹಾಗೆನ್ನುತ್ತಾರೆ) ಕಾದು ಕುಳಿತವರಿಗೆ ಕಾಡಿನ ಗೇಟಿನವರು ರಿಯಾಯಿತಿ ಕೊಡುವುದಿಲ್ಲ, ಕೊಡಲೂಬಾರದು.

ಮೊದಲು ದಾರಿಯ ಲೆಕ್ಕ. ಬೆಂಗಳೂರಿನಿಂದ ಮೈಸೂರು ಸುಮಾರು 145 ಕಿ.ಮೀ., ಅಲ್ಲಿಂದ ನಂಜನಗೂಡು, ಗುಂಡ್ಲುಪೇಟೆ ಮೇಲೆ ಬಂಡೀಪುರ ಇನ್ನೊಂದು 80. ಮಧ್ಯಮ ಗಾತ್ರದ ಇವಿಯೊಂದು ಗಂಟೆಗೆ 80ರ ವೇಗದಲ್ಲಿ ಹೋದರೆ ನೂರು ಕಿಲೋಮೀಟರಿಗೆ ಸುಮಾರು 14 ಯೂನಿಟ್ ಖರ್ಚು. ನಮ್ಮ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ವೇಗ 100ಕ್ಕೆ ಏರಿದರೆ ಖರ್ಚು 18ಕ್ಕೆ ಹೋಗುತ್ತದೆ. ಗಾಳಿ ಒಡ್ಡುವ ತಡೆ ವೇಗದ ವರ್ಗಕ್ಕೆ ತಕ್ಕಂತೆ (ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು) ಹೆಚ್ಚುವುದೇ ಇದಕ್ಕೆ ಕಾರಣ. ದಶಪಥ ಹೆದ್ದಾರಿಯಲ್ಲಿ 100ರ ಮಿತಿಯಿದೆ ಎಂದು ಪೂರ್ತಿ 100ರಲ್ಲೇ ಓಡಿಸಿದರೆ ಮೈಸೂರು ಮುಟ್ಟುವಷ್ಟರಲ್ಲಿ ಆರು ಯೂನಿಟ್ ಹೆಚ್ಚು ಕರಗಿರುತ್ತದೆ. ಅಂದರೆ ಮುಂದಿನ ದಾರಿಯ 40 ಕಿಲೋಮೀಟರು ಅಲ್ಲಿಗೆ ಹೋಯಿತು. ಮೈಸೂರಿನಿಂದಾಚೆ ಏರು ಇದೆಯಲ್ಲ ಎಂದು ಹಲವರಿಗೆ ಆತಂಕ. ಏರು ಸುಮಾರು 250 ಮೀಟರ್ ಅಷ್ಟೆ. ಜನ, ಸಾಮಾನು ಸೇರಿ 1,800 ಕೆ.ಜಿ. ತೂಗುವ ಕಾರನ್ನು ಅಷ್ಟು ಎತ್ತರಕ್ಕೆ ಒಯ್ಯಲು ಒಂದೂಕಾಲು ಯೂನಿಟ್ ಸಾಕು. ಏರಿಗೆ ಹೆದರಬೇಡಿ, ವೇಗಕ್ಕೆ ಹೆದರಿ.

ಈ ಲೆಕ್ಕದಲ್ಲಿ 45 ಯೂನಿಟ್ ಬ್ಯಾಟರಿಯ ಕಾರು ಮನೆಯಿಂದ ಪೂರ್ತಿ ತುಂಬಿಸಿಕೊಂಡು ಹೊರಟರೆ, ಹದವಾಗಿ ಓಡಿಸಿದಾಗ ಎಲ್ಲೂ ಚಾರ್ಜಿಗೆ ನಿಲ್ಲದೆ ಬಂಡೀಪುರ ತಲುಪುತ್ತದೆ. ಆದರೆ ಗುಂಪಿನಲ್ಲಿ 24 ಯೂನಿಟ್ಟಿನ ಸಣ್ಣ ಕಾರೊಂದು ಇದ್ದೇ ಇರುತ್ತದೆ. ಇಡೀ ಪ್ರವಾಸದ ವೇಳಾಪಟ್ಟಿ ನಿರ್ಧಾರವಾಗುವುದು ಅದರಿಂದಲೇ. ಅದು ಮಂಡ್ಯದ ಆಸುಪಾಸಿನಲ್ಲಿ ನಿಲ್ಲಲೇಬೇಕು. ಜೊತೆಗೆ, 60 ಕಿಲೋವ್ಯಾಟ್ ಚಾರ್ಜರಿಗೆ, ಅಂದರೆ ಗಂಟೆಗೆ 60 ಯೂನಿಟ್ ಕೊಡಬಲ್ಲ ಚಾರ್ಜರಿಗೆ, ಚುಚ್ಚಿದರೂ ಸಣ್ಣ ಬ್ಯಾಟರಿ ಎಳೆದುಕೊಳ್ಳುವುದು 25ರ ಸುತ್ತಮುತ್ತ ಮಾತ್ರ.

ಇಲ್ಲಿಂದ ಗನ್ನಿನ ವಿಷಯ. ಎರಡು ಗನ್ನುಗಳ 60 ಕಿಲೋವ್ಯಾಟ್ ಚಾರ್ಜರ್ ಎಂದರೆ ಪ್ರತಿ ಗನ್ನಿಗೂ 60 ಸಿಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗಿರುವುದಿಲ್ಲ. ಎರಡೂ ಕಡೆ ಕಾರು ನಿಂತರೆ ತಲಾ 30 ಹಂಚಿಕೆಯಾಗುತ್ತದೆ. ಐದು ಕಾರುಗಳು ಒಟ್ಟಿಗೆ ಬಂದು ತಲಾ 25 ಯೂನಿಟ್ ಬೇಕು ಅಂದರೆ ಮೊದಲ ಜೋಡಿಗೆ 50 ನಿಮಿಷ, ಎರಡನೆಯದಕ್ಕೂ ಅಷ್ಟೇ, ಒಂಟಿಯಾಗಿ ನಿಲ್ಲುವ ಕೊನೆಯ ಕಾರಿಗೆ ಅರ್ಧ ಗಂಟೆಗೂ ಮೇಲೆ. ಒಂದು ಕಾರು ತೆಗೆದು ಇನ್ನೊಂದನ್ನು ನಿಲ್ಲಿಸುವುದು, ಆ್ಯಪ್ ತೆರೆಯುವುದು, ಹಣ ಕಟ್ಟುವುದು ಎಲ್ಲ ಸೇರಿ ಎರಡೂವರೆ ಗಂಟೆ. ಅದೇ ಐದು ಕಾರು ತಲಾ 10 ಯೂನಿಟ್ ಹಾಕಿಸಿಕೊಂಡು ಎದ್ದರೆ ಹೆಚ್ಚುಕಡಿಮೆ ಒಂದು ಗಂಟೆಯಲ್ಲಿ ಎಲ್ಲರೂ ದಾರಿಯಲ್ಲಿರುತ್ತಾರೆ. ಮುಂದಿನ ಹಂತಕ್ಕೆ ಬೇಕಾದಷ್ಟು, ಅದರ ಮೇಲೆ ಸ್ವಲ್ಪ ಧೈರ್ಯಕ್ಕೆ. ದಾರಿಯಲ್ಲಿ ಅಷ್ಟೇ ಸಾಕು, ಪೂರ್ತಿ ತುಂಬಿಸುವುದು ರಾತ್ರಿ ತಂಗುವ ಕಡೆ. 80 ಶೇಕಡಾ ದಾಟಿದ ಮೇಲೂ ಗನ್ನು ಹಿಡಿದು ಕುಳಿತವರು ಗುಂಪಿನ ಸಮಯ ತಿನ್ನುತ್ತಾರೆ. ಅಲ್ಲಿಂದ ಮುಂದೆ ಬ್ಯಾಟರಿ ತಾನಾಗಿಯೇ ನಿಧಾನವಾಗುತ್ತದೆ.

ಐದೂ ಕಾರು ಒಂದೇ ಸ್ಟೇಷನ್ನಿಗೆ ಹೋಗಬೇಕೆಂಬ ಹಟವನ್ನೂ ಬಿಡಿ. ಇಬ್ಬರು ಮದ್ದೂರು, ಇಬ್ಬರು ಮಂಡ್ಯ, ಉಳಿದವರು ಮೈಸೂರು ಎಂದು ಹಂಚಿಕೊಂಡರೆ ಊಟಕ್ಕೆ ಎಲ್ಲರೂ ಒಂದೇ ಕಡೆ ಸೇರಬಹುದು. ಹೊಸ ಹೆದ್ದಾರಿ ಬಿಡದಿ, ರಾಮನಗರ, ಮದ್ದೂರು, ಮಂಡ್ಯ ಎಲ್ಲವನ್ನೂ ಬೈಪಾಸ್ ಮಾಡಿ ಹೋಗುತ್ತದೆ. ಹಳೇ ರಸ್ತೆಯ ಹೋಟೆಲಿನ ಚಾರ್ಜರ್ ಬೇಕಾದರೆ ಯಾವ ಎಕ್ಸಿಟ್ಟಿನಲ್ಲಿ ಇಳಿಯಬೇಕೆಂದು ಮನೆಯಲ್ಲೇ ನೋಡಿಕೊಳ್ಳಿ. ಅದು ತಪ್ಪಿದರೆ ಹಿಂದಿರುಗುವುದು ಸುಲಭವಲ್ಲ.

ಇನ್ನು ತಂಗುವ ಜಾಗ. ಇದನ್ನು ನಾನು ಹೆಚ್ಚು ಒತ್ತಿ ಹೇಳುತ್ತೇನೆ, ಏಕೆಂದರೆ ಬೆಂಕಿಯ ಅಪಾಯ ಇರುವುದು ಇಲ್ಲೇ. ಕಾಡಂಚಿನ ಹೋಂಸ್ಟೇ, ರೆಸಾರ್ಟುಗಳಲ್ಲಿ ಹೆಚ್ಚಾಗಿ ಸಿಗುವುದು 16 ಆಂಪ್ ಪವರ್ ಪಾಯಿಂಟ್. ಅದರಿಂದ ಸುಮಾರು 3 ಕಿಲೋವ್ಯಾಟ್ ಬರುತ್ತದೆ, ಎಂಟು ಗಂಟೆಗೆ 24 ಯೂನಿಟ್. ಒಂದು ರಾತ್ರಿಗೆ ಧಾರಾಳ. ಆದರೆ ಮೂರು ಕಾರು ಒಟ್ಟಿಗೆ ಚುಚ್ಚಿದರೆ 9 ಕಿಲೋವ್ಯಾಟ್. ಬೆಳಗಿನ ಸಫಾರಿಗೆಂದು ನಸುಕಿನಲ್ಲೇ ಆರು ಕೋಣೆಗಳ ಗೀಸರ್ ಒಮ್ಮೆಲೇ ಚಾಲೂ ಆದರೆ ಅದೇ ಇನ್ನೊಂದು 12 ಕಿಲೋವ್ಯಾಟ್. ಆ ಮನೆಗೆ ಮಂಜೂರಾದ ಲೋಡ್ ಅಷ್ಟಿರುವುದಿಲ್ಲ. ಎಂಸಿಬಿ (ಲೋಡ್ ಹೆಚ್ಚಾದರೆ ತಾನಾಗಿ ಕರೆಂಟು ಕಡಿಯುವ ಸ್ವಿಚ್ಚು) ಬೀಳುತ್ತದೆ, ಬಿಸಿನೀರೂ ಇಲ್ಲ, ಚಾರ್ಜೂ ಇಲ್ಲ. ಆದ್ದರಿಂದ ಕಾರಿನ ಟೈಮರಿನಲ್ಲಿ ರಾತ್ರಿ ಹತ್ತಕ್ಕೆ ಶುರು, ನಾಲ್ಕೂವರೆಗೆ ನಿಲುಗಡೆ ಎಂದು ಹೊಂದಿಸಿ. ಬುಕಿಂಗ್ ಮಾಡುವಾಗಲೇ ಮಾಲೀಕರಿಗೆ ಎಷ್ಟು ಕಾರು ಬರುತ್ತದೆಂದು ಹೇಳಿ, ಯೂನಿಟ್ಟಿನ ಹಣವನ್ನೂ ಮಾತಾಡಿ.

ಮನೆಯ ಎಕ್ಸ್‌ಟೆನ್ಷನ್ ಬೋರ್ಡನ್ನು ದಯವಿಟ್ಟು ಬಳಸಬೇಡಿ. ಗಂಟೆಗಟ್ಟಲೆ 13–14 ಆಂಪ್ ಹರಿದರೆ ತೆಳು ತಂತಿ ಬಿಸಿಯಾಗುತ್ತದೆ, ಸಡಿಲ ಪ್ಲಗ್ಗು ಕರಗುತ್ತದೆ. ಚಾರ್ಜ್ ಶುರುವಾಗಿ ಅರ್ಧ ಗಂಟೆಗೆ ಹೋಗಿ ಪ್ಲಗ್ಗಿನ ಮೇಲೆ ಕೈಯಿಡಿ, ಸುಡುತ್ತಿದ್ದರೆ ಆಗಲೇ ತೆಗೆಯಿರಿ. ಕೆಂಪು ದೀಪ ಉರಿದು ಚಾರ್ಜರ್ ಹಟ ಹಿಡಿದರೆ ಬಹುಪಾಲು ಅರ್ತಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಹರಿಸುವ ವ್ಯವಸ್ಥೆ) ಸರಿಯಿಲ್ಲ ಎಂದರ್ಥ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಆ ಕಡೆ ನೆಲ ಒಣಗಿ ಅರ್ತ್ ಪಿಟ್, ಅಂದರೆ ಅರ್ತಿಂಗಿನ ಗುಂಡಿ, ಸರಿಯಾಗಿ ಕೆಲಸ ಮಾಡದಿರಬಹುದು. ಪಿಟ್ಟಿಗೆ ನಾಲ್ಕಾರು ಬಿಂದಿಗೆ ನೀರು ಹಾಕಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಆಗದಿದ್ದರೆ ಬಿಟ್ಟುಬಿಡಿ. ಅರ್ತಿಂಗ್ ತಪ್ಪಿಸಿ ಚಾರ್ಜ್ ಮಾಡುವ ಅಡಾಪ್ಟರುಗಳು ಸಿಗುತ್ತವೆ, ಅವನ್ನು ಮುಟ್ಟಲೇಬೇಡಿ. ಒದ್ದೆ ಕೈಯಿಂದ ಮಗುವೊಂದು ಕಾರನ್ನು ಮುಟ್ಟಿದರೆ ಆಗುವ ಅನಾಹುತಕ್ಕೆ ಪರಿಹಾರವಿಲ್ಲ. ಕರೆಂಟು ಹೋಗಿ ಜನರೇಟರ್ ಶುರುವಾದರೆ ಕಾರಿನ ಪ್ಲಗ್ ತೆಗೆಯಿರಿ. ಡೀಸೆಲ್ ಸುಟ್ಟು ಬ್ಯಾಟರಿ ತುಂಬಿಸಲು ನಾವು ಕಾಡಿಗೆ ಬಂದಿಲ್ಲ.

ಕಾಡಿನ ರಸ್ತೆಯಲ್ಲಿ ಇವಿಗೆ ಯಾವ ವಿನಾಯಿತಿಯೂ ಇಲ್ಲ. ಸದ್ದು ಮಾಡದ ಕಾರಲ್ಲವೇ, ನಿಲ್ಲಿಸಿ ನೋಡಿದರೇನು ಎಂದು ಕೇಳುವವರಿದ್ದಾರೆ. ನಿಲ್ಲಿಸುವುದೇ ನಿಷಿದ್ಧ. ಅದಕ್ಕಿಂತ ಮುಖ್ಯವಾಗಿ, ನಿಧಾನ ವೇಗದಲ್ಲಿ ಟೈರಿನ ಸದ್ದೂ ಕಡಿಮೆಯಾದ್ದರಿಂದ ರಸ್ತೆಯಂಚಿನ ಜಿಂಕೆಗೆ ನಿಮ್ಮ ಕಾರು ಹತ್ತಿರ ಬರುವವರೆಗೂ ತಿಳಿಯದೆ ಹೋಗಬಹುದು. ಅದು ಕೊನೇ ಗಳಿಗೆಯಲ್ಲಿ ಬೆದರಿ ಯಾವ ಕಡೆಗಾದರೂ ಹಾರೀತು. ಎಚ್ಚರ ವಹಿಸಬೇಕಾದವರು ನಾವು. ಐದು ಕಾರು ಒಂದಕ್ಕೊಂದು ಅಂಟಿಕೊಂಡು ಸಾಗಿದರೆ ರಸ್ತೆ ದಾಟಲು ನಿಂತ ಆನೆಗಳಿಗೆ ಸಂದು ಸಿಗುವುದಿಲ್ಲ, ಅವುಗಳ ನಡುವೆ ಮರಿಯಿದ್ದರಂತೂ ಅಪಾಯ. ಕಾಡಿನಂಚಿನ ಊರು ಮೇಲುಕಾಮನಹಳ್ಳಿ ದಾಟಿದ ಮೇಲೆ ಸಾಲು ಒಡೆಯಿರಿ, ನಡುವೆ ಸಾಕಷ್ಟು ಅಂತರ ಬಿಡಿ.

ಸಫಾರಿಗೆ ನಿಮ್ಮ ಕಾರು ಹೋಗುವುದಿಲ್ಲ, ಅಲ್ಲಿನ ಸಫಾರಿ ವಾಹನದಲ್ಲೇ ಹೋಗಬೇಕು. ಅದು ನಡೆಯುತ್ತಿದೆಯೇ ಎಂದು ಹೊರಡುವ ಮುನ್ನ ವಿಚಾರಿಸಿ. ಹುಲಿ ದಾಳಿಗಳ ನಂತರ 2025ರ ನವೆಂಬರ್‌ನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಿತ್ತು.

ಹಿಂದಿರುಗುವ ದಿನ ಸಣ್ಣ ಬ್ಯಾಟರಿಯ ಕಾರನ್ನು ಅರ್ಧ ಗಂಟೆ ಮೊದಲೇ ಕಳಿಸಿ. ಮೈಸೂರಿನಲ್ಲಿ ಮೊದಲ ಗನ್ನು ಅದಕ್ಕೇ ಸಿಗಲಿ. ದೊಡ್ಡ ಬ್ಯಾಟರಿಯವರು ರಾತ್ರಿಯೇ ತುಂಬಿಸಿಕೊಂಡಿದ್ದರೆ ಆ ಸ್ಟೇಷನ್ನಿನ ಕಡೆ ತಿರುಗುವ ಅಗತ್ಯವೇ ಇಲ್ಲ, ನೇರ ಬೆಂಗಳೂರಿಗೆ ಹೋಗಬಹುದು.