ಸುಟ್ಟು ಕಪ್ಪಾದ ಮರವನ್ನು ಅಳೆಯುವುದೇಕೆ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ನ್ಯಾಷನಲ್ ಪಾರ್ಕ್ ಒಂದರಲ್ಲಿ ಕಾಳ್ಗಿಚ್ಚಿನ ಅಧ್ಯಯನಕ್ಕೆ ಬೇಸಿಗೆ ಇಂಟರ್ನ್‌ಶಿಪ್ ಸಿಕ್ಕಿದೆ. ಬೆಂಕಿ ಆರಿಸಲೂ ಹೋಗಬೇಕಾ? ಸುಟ್ಟ ಮರಗಳನ್ನು ಅಳೆಯಬೇಕಂತೆ. ಸತ್ತ ಮರ ಅಳೆದು ಏನು ಸಿಗುತ್ತೆ?

ಉತ್ತರ: ಬೆಂಕಿ ಆರಿಸುವುದು ಬೇರೆಯವರ ಕೆಲಸ. ಅದಕ್ಕೆ ರೆಡ್ ಕಾರ್ಡ್, ಅಂದರೆ ಬೆಂಕಿ ಆರಿಸಲು ಅರ್ಹರೆಂದು ತೋರಿಸುವ ಚೀಟಿ, ಬೇಕು. ತರಬೇತಿ ಮುಗಿಸಿ, 45 ಪೌಂಡ್ ಹೊತ್ತು 3 ಮೈಲಿಯನ್ನು 45 ನಿಮಿಷದಲ್ಲಿ ನಡೆದು ತೋರಿಸಿದವರಿಗೆ ಅದು ಸಿಗುತ್ತದೆ. ನಿಮ್ಮ ಕೈಗೆ ಬರುವುದು ಟೇಪು, ದಿಕ್ಸೂಚಿ, ದಾಖಲೆ ಹಾಳೆ.

ಇನ್ನು ಆ "ಸತ್ತ ಮರ". ಎಷ್ಟು ಸಲ ಹೇಳಿದರೂ ಈ ನಂಬಿಕೆ ಅಳಿಯುತ್ತಿಲ್ಲ, ಆದ್ದರಿಂದ ಬಿಡಿಸಿಯೇ ಹೇಳುತ್ತೇನೆ. ಕಪ್ಪಾಗುವುದು ಹೊರತೊಗಟೆ, ಅದು ಮೊದಲೇ ನಿರ್ಜೀವ. ಮರದ ಜೀವ ಇರುವುದು ತೊಗಟೆಯ ಒಳಗಿನ ತೆಳು ಪದರ ಕ್ಯಾಂಬಿಯಂನಲ್ಲಿ. ಅದು ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಕಾದರೆ ಸಾಯುತ್ತದೆ. ತೊಗಟೆ ಎರಡು ಪಟ್ಟು ದಪ್ಪವಿದ್ದರೆ ಶಾಖ ಒಳಮುಟ್ಟಲು ಹೆಚ್ಚುಕಡಿಮೆ ನಾಲ್ಕು ಪಟ್ಟು ಹೊತ್ತು ಬೇಕು. ಅದೇ ಜ್ವಾಲೆಗೆ ತೆಳು ತೊಗಟೆಯ ಲಾಡ್ಜ್‌ಪೋಲ್ ಪೈನ್ ಸತ್ತರೆ ಬಲಿತ ಪಾಂಡೆರೋಸಾ ಪೈನ್ ಉಳಿಯುವುದು ಇದರಿಂದಲೇ.

ಎಲೆ ಕಂದಾದರೂ ಮರ ಸತ್ತಿತೆಂದು ಬರೆಯಬೇಡಿ. ಪಾಂಡೆರೋಸಾದ ಮೊಗ್ಗು ದಪ್ಪ. ಸೂಜಿ ಎಲೆಗಳೆಲ್ಲ ಕಮರಿದರೂ ಮೊಗ್ಗು ಉಳಿದಿದ್ದರೆ ಮುಂದಿನ ವಸಂತಕ್ಕೆ ಚಿಗುರುತ್ತದೆ. ಅವಸರದಲ್ಲಿ "ಸತ್ತಿದೆ" ಎಂದು ಗುರುತು ಹಾಕಿದರೆ ಮರುವರ್ಷ ಆ ಮರ ದಾಖಲೆಯಲ್ಲಿ ಮರುಜನ್ಮ ಪಡೆಯುತ್ತದೆ, ಲೆಕ್ಕವೆಲ್ಲ ಕೆಡುತ್ತದೆ. ಕಾಂಡ ಕರಕಾದ ಎತ್ತರ, ಎಲೆ ಕಮರಿದ ಎತ್ತರ, ಕಮರಿದ ಹಂದರದ (ಕೊಂಬೆ, ಎಲೆಗಳಿರುವ ಮೇಲ್ಭಾಗದ) ಶೇಕಡಾವಾರು, ಮೂರನ್ನೂ ಬೇರೆ ಬೇರೆ ಬರೆಯಿರಿ. ಹೊಸಬರು ಎಡವುವುದು ಮೂರನೆಯದರಲ್ಲಿ. ಹಂದರ ಶಂಕುವಿನ ಆಕಾರದ್ದಾದರೆ ಕೆಳಗಿನ ಅರ್ಧ ಎತ್ತರದಲ್ಲೇ ಎಂಟರಲ್ಲಿ ಏಳು ಪಾಲು ಗಾತ್ರವಿರುತ್ತದೆ. ಅರ್ಧ ಎತ್ತರ ಕಮರಿದೆ ಎಂದು 50 ಬರೆದರೆ ತಪ್ಪು, ನಿಜವಾದ ಅಂಕಿ 87ರ ಆಸುಪಾಸು.

ಹಸಿರಾಗಿ ನಿಂತ ಮರವೂ ಎರಡು ಮೂರು ವರ್ಷದಲ್ಲಿ ಸಾಯಬಹುದು. ಜ್ವಾಲೆ ಕೆಲವೇ ನಿಮಿಷದಲ್ಲಿ ದಾಟಿ ಹೋಗುತ್ತದೆ. ಬುಡದಲ್ಲಿ ಪೇರಿದ ಅರೆಕೊಳೆತ ತರಗು ಮಾತ್ರ ಗಂಟೆಗಟ್ಟಲೆ ಕೆಂಡವಾಗಿ ಕಾದು ಬೇರನ್ನೂ ಕಾಂಡದ ಬುಡವನ್ನೂ ಬೇಯಿಸುತ್ತದೆ. ಸೊರಗಿದ ಮರಕ್ಕೆ ಆಮೇಲೆ ತೊಗಟೆ ಕೊರೆಯುವ ದುಂಬಿ ಬೀಳುತ್ತದೆ. ದಪ್ಪ ತೊಗಟೆಗೂ ಮಿತಿಯಿದೆ: ಕ್ಯಾಲಿಫೋರ್ನಿಯಾದಲ್ಲಿ 2020ರಲ್ಲಿ ಎದ್ದ ಕ್ಯಾಸಲ್ ಎಂಬ ಕಾಳ್ಗಿಚ್ಚಿಗೆ ದಪ್ಪ ತೊಗಟೆಯ ದೈತ್ಯ ಮರಗಳಾದ ಸಿಕ್ವೋಯಾಗಳು ಸಾವಿರಾರು ಸಂಖ್ಯೆಯಲ್ಲಿ ಬಲಿಯಾದವು. ಅದಕ್ಕೇ 20 x 50 ಮೀಟರಿನ ಪ್ಲಾಟನ್ನು (ಅಧ್ಯಯನಕ್ಕೆ ಗುರುತು ಹಾಕಿಟ್ಟ ಜಾಗವನ್ನು) ಬೆಂಕಿಗೆ ಮುಂಚೆ, ಬೆಂಕಿ ಆರಿದ ಬೆನ್ನಿಗೇ, ಮತ್ತೆ 1, 2, 5, 10ನೇ ವರ್ಷಗಳಲ್ಲಿ ಅಳೆಯುವುದು. ತರಗಿನ ಆಳವನ್ನು ಬೆಂಕಿಗೆ ಮುಂಚೆ ಅಳೆಯದೆ ಬಿಟ್ಟರೆ ಎಷ್ಟು ಉರಿಯಿತೆಂದು ಹೇಳಲು ಮತ್ತೆ ದಾರಿಯೇ ಇಲ್ಲ.

ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ: ಮರಕ್ಕೆ ಹೊಡೆಯುವ ನಂಬರ್ ಬಿಲ್ಲೆ ಹಿತ್ತಾಳೆಯದ್ದೇ ಏಕೆ? ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಜ್ವಾಲೆ ಅದನ್ನು ಸುಲಭವಾಗಿ ಮೀರುತ್ತದೆ. ಹಿತ್ತಾಳೆ ಕರಗಲು ಸುಮಾರು 900 ಡಿಗ್ರಿ ಬೇಕು. ಬಿಲ್ಲೆಯನ್ನು ವ್ಯಾಸ ಅಳೆಯುವ ಎದೆಮಟ್ಟದಲ್ಲಿ, ಅಂದರೆ ಇಳಿಜಾರಿನ ಮೇಲ್ಬದಿಯ ನೆಲದಿಂದ 1.37 ಮೀಟರ್ ಎತ್ತರದಲ್ಲಿ ಹೊಡೆದರೆ ಮುಂದೆ ಬರುವವರೂ ಅದೇ ಜಾಗದಲ್ಲಿ ಟೇಪು ಸುತ್ತುತ್ತಾರೆ. ಮೊಳೆಯನ್ನು ಪೂರ್ತಿ ಬಡಿಯಬೇಡಿ, ಒಂದಷ್ಟು ಹೊರಗಿರಲಿ. ಇಲ್ಲದಿದ್ದರೆ ಕಾಂಡ ದಪ್ಪವಾಗುತ್ತಾ ಬಿಲ್ಲೆಯನ್ನೇ ನುಂಗುತ್ತದೆ.