ಮನೆಯೊಳಗೆ ಕಾಣುವ ಕ್ಯಾಮೆರಾ ಹೊರಗಿನಿಂದ ಏಕೆ ಕಾಣುವುದಿಲ್ಲ?

ಪ್ರಶ್ನೆ: ಮನೆಯ ವೈಫೈನಲ್ಲಿರುವಾಗ ಮೊಬೈಲ್‌ನಲ್ಲಿ ನಾಲ್ಕೂ ಸಿಸಿಟಿವಿ ಕ್ಯಾಮೆರಾಗಳು ಸ್ಪಷ್ಟವಾಗಿ ಕಾಣುತ್ತವೆ. ಹೊರಗೆ ಹೋಗಿ ಮೊಬೈಲ್ ಡೇಟಾದಲ್ಲಿ ನೋಡಿದರೆ ಸಂಪರ್ಕವೇ ಸಿಗುವುದಿಲ್ಲ. ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಒಂದು ಪೋರ್ಟ್‌ಗೆ, ಅಂದರೆ ಸಂಖ್ಯೆಯಿರುವ ಬಾಗಿಲಿಗೆ, ಬರುವ ಕೋರಿಕೆಯನ್ನು ಮನೆಯೊಳಗಿನ ಉಪಕರಣಕ್ಕೆ ದಾಟಿಸುವ ನಿಯಮ) ಕೂಡ ಮಾಡಿದ್ದೇನೆ. ಎಲ್ಲಿ ತಪ್ಪಿರಬಹುದು?

ಉತ್ತರ: ಒಳಗೆ ಚಿತ್ರ ಬರುತ್ತಿದೆ ಎಂದಮೇಲೆ ಕ್ಯಾಮೆರಾ, ಕೇಬಲ್, ಪಾಸ್‌ವರ್ಡ್ ಇವುಗಳ ಮೇಲೆ ಅನುಮಾನ ಬೇಡ. ಕ್ಯಾಮೆರಾಗಳ ಚಿತ್ರ ಸಂಗ್ರಹಿಸುವ ರೆಕಾರ್ಡರನ್ನು (ಡಿವಿಆರ್) ಫ್ಯಾಕ್ಟರಿ ರಿಸೆಟ್ ಮಾಡಿ ನೋಡೋಣ ಎನಿಸಿದರೆ ಕೈ ಬಿಗಿಹಿಡಿಯಿರಿ. ಇರುವ ಸೆಟ್ಟಿಂಗ್ ಅಳಿಸಿಹೋಗುತ್ತದೆ, ತೊಂದರೆ ಮಾತ್ರ ಇದ್ದಲ್ಲೇ ಇರುತ್ತದೆ.

ಬೇರೆ ಏನನ್ನೂ ಮುಟ್ಟುವ ಮೊದಲು ಎರಡು ಸಂಖ್ಯೆಗಳನ್ನು ಹೋಲಿಸಿ. ರೂಟರ್‌ನ ಸೆಟ್ಟಿಂಗ್ ಪುಟದಲ್ಲಿ ‘ಡಬ್ಲ್ಯುಎಎನ್ ಐಪಿ’ (WAN IP) ಎಂದು ಒಂದು ವಿಳಾಸವಿರುತ್ತದೆ; ಅದು ರೂಟರ್‌ನ ಹೊರಬದಿಯ ವಿಳಾಸ. ನಿಮ್ಮ ಐಪಿ ವಿಳಾಸವನ್ನು ತೋರಿಸುವ ಜಾಲತಾಣವೊಂದನ್ನು ಅದೇ ವೈಫೈನಲ್ಲಿ ತೆರೆದರೆ ಇನ್ನೊಂದು ಐಪಿವಿ4 ವಿಳಾಸ (ಚುಕ್ಕೆಗಳ ನಡುವೆ ನಾಲ್ಕು ಸಂಖ್ಯೆಗಳಿರುವುದು) ಸಿಗುತ್ತದೆ. ಎರಡೂ ಒಂದೇ ಆಗಿದ್ದರೆ ಪೋರ್ಟ್ ಫಾರ್ವರ್ಡಿಂಗ್‌ಗೆ ಅರ್ಥವಿದೆ. ಬೇರೆ ಬೇರೆಯಾಗಿದ್ದರೆ ನೀವು ರೂಟರ್‌ನಲ್ಲಿ ಏನೇ ಬರೆದರೂ ವ್ಯರ್ಥ.

ಕಾರಣ ವಿಳಾಸಗಳ ಬರ. ಐಪಿವಿ4 ಪದ್ಧತಿಯಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸಗಳು. ಅವುಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲೇ ಬರಿದಾಯಿತು. ಹಾಗಾಗಿ ಇಂಟರ್‌ನೆಟ್ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುತ್ತವೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ಹೊರಗಿನ ಕೋರಿಕೆ ಕಂಪನಿಯ ಬಾಗಿಲವರೆಗೆ ಬರುತ್ತದೆ, ಆದರೆ ಅದು ಯಾರ ಮನೆಗೆ ಹೋಗಬೇಕೆಂಬುದು ಅಲ್ಲಿ ತಿಳಿಯುವುದಿಲ್ಲ. ನಿಮ್ಮ ಡಬ್ಲ್ಯುಎಎನ್ ಐಪಿ 100.64ರಿಂದ 100.127ರೊಳಗೆ ಆರಂಭವಾಗಿದ್ದರೆ ನೀವು ಸಿಜಿನ್ಯಾಟ್‌ನ ಹಿಂದಿದ್ದೀರಿ. ಆ ವಿಳಾಸಗಳನ್ನು 2012ರಲ್ಲಿ ಈ ಕೆಲಸಕ್ಕೆಂದೇ ಮೀಸಲಿಡಲಾಯಿತು. 10 ಎಂದು ಆರಂಭವಾದರೂ ಬಹುಶಃ ಇದೇ ಕಥೆ. 192.168 ಎಂದಿದ್ದರೆ ಸಾಮಾನ್ಯವಾಗಿ ಕಂಪನಿ ಕೊಟ್ಟ ಮೋಡೆಮ್ ಕೂಡ ಇನ್ನೊಂದು ರೂಟರ್‌ನಂತೆ ಕೆಲಸ ಮಾಡುತ್ತಿರುತ್ತದೆ. ಅದನ್ನು ಬ್ರಿಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಸಂಪರ್ಕವನ್ನಷ್ಟೇ ದಾಟಿಸುವ ಸ್ಥಿತಿಗೆ) ಹಾಕಿಸಿ, ಮತ್ತೆ ಹೋಲಿಸಿ.

ಎರಡೂ ಸಂಖ್ಯೆ ಹೊಂದಿದರೂ ಚಿತ್ರ ಬರುತ್ತಿಲ್ಲವೇ? ಕರೆಂಟ್ ಹೋಗಿ ಬಂದ ಮೇಲೆ ರೆಕಾರ್ಡರ್‌ನ ಒಳವಿಳಾಸ 192.168.1.20 ಇದ್ದದ್ದು 192.168.1.34 ಆಗಿರಬಹುದು, ಫಾರ್ವರ್ಡಿಂಗ್ ನಿಯಮ ಇನ್ನೂ ಹಳೆಯದನ್ನೇ ಹಿಡಿದು ಕೂತಿರುತ್ತದೆ. ರೂಟರ್‌ನಲ್ಲಿ ರೆಕಾರ್ಡರ್‌ಗೆ ಒಂದು ವಿಳಾಸವನ್ನು ಕಾಯ್ದಿರಿಸಿ. ಬ್ರೌಸರ್ ಬಳಸುವ 80ನೇ ಪೋರ್ಟ್ ಒಂದನ್ನೇ ತೆರೆದರೆ ಸಾಲದು, ಮೊಬೈಲ್ ಆ್ಯಪ್ ಬೇರೆಯದನ್ನು ಕೇಳಬಹುದು: ಹಿಕ್‌ವಿಷನ್ ಕಂಪನಿಯ ಉಪಕರಣಗಳಲ್ಲಿ ಸಾಮಾನ್ಯವಾಗಿ 8000, ದಹುವಾ ಕಂಪನಿಯವುಗಳಲ್ಲಿ 37777. ಹೊರವಿಳಾಸ ಆಗಾಗ ಬದಲಾಗುತ್ತಿದ್ದರೆ ಡಿಡಿಎನ್‌ಎಸ್ (ಬದಲಾಗುವ ವಿಳಾಸಕ್ಕೆ ಬದಲಾಗದ ಹೆಸರು ಕೊಡುವ ಸೇವೆ) ಬೇಕು. ಇನ್ನೊಂದು ಮಾತು, ಪರೀಕ್ಷೆಯನ್ನು ಮೊಬೈಲ್ ಡೇಟಾದಿಂದಲೇ ಮಾಡಿ. ಕೆಲವು ರೂಟರ್‌ಗಳು ಮನೆಯೊಳಗಿನಿಂದ ತಮ್ಮದೇ ಹೊರವಿಳಾಸವನ್ನು ತಲುಪಲು ಬಿಡುವುದಿಲ್ಲ. ಹೊರಗೆ ಸರಿಯಾಗಿ ನಡೆಯುತ್ತಿರುವುದು ಒಳಗಿನಿಂದ ಕೆಟ್ಟಂತೆ ಕಾಣುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಪೋರ್ಟ್ ತೆರೆಯುವುದೇ ನನಗೆ ಒಪ್ಪಿಗೆಯಿಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ಡಿವಿಆರ್‌ಗಳನ್ನು ವಶಪಡಿಸಿಕೊಂಡಿತು. ಅದೇ ಅಕ್ಟೋಬರ್‌ನಲ್ಲಿ ಆ ಸೈನ್ಯ ಡೈನ್ ಎಂಬ ಡಿಎನ್‌ಎಸ್ (ಜಾಲತಾಣದ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಸಂಸ್ಥೆಯ ಮೇಲೆ ಮುಗಿಬಿದ್ದು ಟ್ವಿಟರ್, ನೆಟ್‌ಫ್ಲಿಕ್ಸ್‌ಗಳೇ ಅನೇಕರಿಗೆ ಸಿಗದಂತಾಯಿತು. ಪಾಸ್‌ವರ್ಡ್ ಗಟ್ಟಿಯಾಗಿದ್ದರೆ ಸಾಕು ಎನ್ನುವಂತೆಯೂ ಇಲ್ಲ: 2021ರಲ್ಲಿ ಹಿಕ್‌ವಿಷನ್‌ನ ಹಲವು ಉಪಕರಣಗಳಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಒಳನುಗ್ಗಬಹುದಾದ ಲೋಪ ಪತ್ತೆಯಾಯಿತು.

ಹೆಚ್ಚಿನವರಿಗೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸೇರಿಸುವ ಪಿ2ಪಿ ವ್ಯವಸ್ಥೆಯೇ ಸಾಕು. ಇಲ್ಲಿ ರೆಕಾರ್ಡರ್ ತಾನೇ ಹೊರಗೆ ಹೋಗಿ ತನ್ನ ತಯಾರಕ ಕಂಪನಿಯ ಸರ್ವರ್‌ಗೆ ಹಾಜರಿ ಹಾಕುವುದರಿಂದ ಸಿಜಿನ್ಯಾಟ್ ಸಾಮಾನ್ಯವಾಗಿ ಅಡ್ಡಿಯಾಗದು. ‘ಆಫ್‌ಲೈನ್’ ಎಂದು ತೋರಿಸಿದರೆ ರೆಕಾರ್ಡರ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಗೇಟ್‌ವೇ ಮತ್ತು ಡಿಎನ್‌ಎಸ್ ನೋಡಿ. ಗೇಟ್‌ವೇ ಎಂದರೆ ರೂಟರ್‌ನ ವಿಳಾಸ. ಅದರಲ್ಲಿ ಒಂದು ಅಂಕಿ ತಪ್ಪಿದರೂ ಒಳಗೆ ಎಲ್ಲ ಸರಿಯಾಗಿರುತ್ತದೆ, ಹೊರದಾರಿ ಮಾತ್ರ ಮುಚ್ಚಿರುತ್ತದೆ. ರೂಟರ್ ಬದಲಾಯಿಸಿದ ಮನೆಗಳಲ್ಲಿ ನಾನು ಮೊದಲು ಅನುಮಾನಿಸುವುದು ಇದನ್ನೇ. ದಿನಾಂಕ, ಸಮಯಗಳೂ ಸರಿಯಾಗಿರಲಿ.

ಆ ತಯಾರಕ ಕಂಪನಿಯ ಸರ್ವರ್ ಮೇಲೆ ನಂಬಿಕೆಯಿಲ್ಲದವರು ವಿಪಿಎನ್ (ಹೊರಗಿನಿಂದ ಮನೆಯ ಜಾಲಕ್ಕೆ ಸೇರುವ ಸುರಕ್ಷಿತ ದಾರಿ) ಬಳಸಬೇಕು. ಸಾರ್ವಜನಿಕ ವಿಳಾಸವಿದ್ದರೆ ರೂಟರ್‌ನಲ್ಲೇ ವೈರ್‌ಗಾರ್ಡ್ ಎಂಬ ವಿಪಿಎನ್ ನಡೆಸಬಹುದು; ಸಿಜಿನ್ಯಾಟ್ ಇದ್ದರೆ ಮನೆಯಲ್ಲಿ ಸದಾ ಚಾಲೂ ಇರುವ ಪುಟ್ಟ ಕಂಪ್ಯೂಟರ್‌ನಲ್ಲಿ ಟೇಲ್‌ಸ್ಕೇಲ್‌ನಂಥ ವಿಪಿಎನ್ ಹಾಕಿಕೊಳ್ಳಬಹುದು.

ಸಂಪರ್ಕ ಸಿಕ್ಕ ಮೇಲೆ ಚಿತ್ರ ತಡವರಿಸಿದರೆ ಅದು ಬೇರೆಯೇ ವಿಷಯ. ಆಗ ನೋಡಬೇಕಾದದ್ದು ಮನೆಯ ಸಂಪರ್ಕದ ಅಪ್‌ಲೋಡ್ ವೇಗವನ್ನು, ಡೌನ್‌ಲೋಡ್ ವೇಗವನ್ನಲ್ಲ. ಆ್ಯಪ್‌ನಲ್ಲಿ ‘ಮೇನ್ ಸ್ಟ್ರೀಮ್’ ಬದಲು ‘ಸಬ್ ಸ್ಟ್ರೀಮ್’ (ಕಡಿಮೆ ಸ್ಪಷ್ಟತೆಯ ಚಿತ್ರ) ಆರಿಸಿ. ಮೊಬೈಲ್ ಪರದೆಯಲ್ಲಿ ನಾಲ್ಕು ಕ್ಯಾಮೆರಾಗಳನ್ನು ಒಟ್ಟಿಗೆ ನೋಡಲು ಅಷ್ಟು ಸ್ಪಷ್ಟತೆ ಸಾಕು.