ಜಠರವಿಲ್ಲದೆ ನೂರು ಕಿಲೋಮೀಟರ್ ಓಡುವುದು ಹೇಗೆ?

ಅಲ್ಟ್ರಾಮ್ಯಾರಥಾನ್, ಅಂದರೆ ಮ್ಯಾರಥಾನ್‌ಗಿಂತಲೂ ಉದ್ದದ ಓಟ, ಓಡುವವರು ಅರ್ಧದಲ್ಲೇ ನಿಲ್ಲಿಸೋದಕ್ಕೆ ಕಾಲುನೋವು ಒಂದೇ ಕಾರಣ ಅಲ್ಲ. ಎಷ್ಟೋ ಸಲ ಕೈಕೊಡುವುದು ಹೊಟ್ಟೆ. ವಾಕರಿಕೆ, ವಾಂತಿ, ಕುಡಿದ ನೀರೂ ಒಳಗೆ ನಿಲ್ಲುವುದಿಲ್ಲ. ಓಡುವಾಗ ರಕ್ತ ಕಾಲಿನ ಸ್ನಾಯುಗಳ ಕಡೆಗೆ, ಚರ್ಮದ ಕಡೆಗೆ ಜಾಸ್ತಿ ಹರಿಯುತ್ತದೆ, ಜಠರಕ್ಕೂ ಕರುಳಿಗೂ ಸಿಗುವುದು ಕಡಿಮೆಯಾಗುತ್ತದೆ, ಅದಕ್ಕೇ ಈ ಫಜೀತಿ. ಹೀಗಿರುವಾಗ ಜಠರವನ್ನೇ ಪೂರ್ತಿ ತೆಗೆಸಿಕೊಂಡವರು ಈ ಓಟಕ್ಕೆ ಇಳಿಯುತ್ತಾರೆ. ಸ್ಪೇನಿನ ಹುವಾನ್ ದುವಾಲ್ ಇಂಥವರಲ್ಲಿ ಹೆಸರಾದವರು. ಮನೆತನದಲ್ಲಿ ಬಂದ ಪಾಲಿಪ್ ಕಾಯಿಲೆಯಿಂದಾಗಿ (ಕರುಳಿನ ಒಳಪದರದಲ್ಲಿ ಸಣ್ಣ ಸಣ್ಣ ಗಂಟುಗಳು ಬೆಳೆಯುವ ಕಾಯಿಲೆ) ಅವರಿಗೆ ಜಠರವೂ ಇಲ್ಲ, ದೊಡ್ಡ ಕರುಳೂ ಇಲ್ಲ. ಇನ್ನು ಕೆಲವರು ಓಡುವುದು ಸಿಡಿಎಚ್1 ಎಂಬ ಒಂದು ಜೀನಿನ ಸಂಶೋಧನೆಗೆ ದುಡ್ಡು ಕೂಡಿಸಲು.

ಈ ಜೀನಿನ ಕತೆ ಶುರುವಾಗುವುದು ನ್ಯೂಜಿಲೆಂಡಿನ ಒಂದು ಮಾವೋರಿ ಕುಟುಂಬದಲ್ಲಿ. ಸುಮಾರು 30 ವರ್ಷಗಳಲ್ಲಿ ಆ ಮನೆತನದ 25 ಜನ ಜಠರದ ಕ್ಯಾನ್ಸರಿನಿಂದ ಸತ್ತಿದ್ದರು. ಅವರಲ್ಲಿ ಅತಿ ಚಿಕ್ಕವರಿಗೆ 14 ವರ್ಷ. ಇದು ರಕ್ತದಲ್ಲೇ ಬರುತ್ತಿದೆ ಅಂತ ಮನೆಯವರಿಗೇ ಅನುಮಾನ ಬಂದು, ತಮ್ಮ ವಂಶದ ಲೆಕ್ಕ ಹಿಡಿದು ಒಟಾಗೋ ವಿಶ್ವವಿದ್ಯಾಲಯದ ವಿಜ್ಞಾನಿಗಳ ಜೊತೆ ಕೂತರು. 1998ರಲ್ಲಿ ಪ್ಯಾರಿ ಗಿಲ್‌ಫರ್ಡ್ ತಂಡ ‘ನೇಚರ್’ ಪತ್ರಿಕೆಯಲ್ಲಿ ಉತ್ತರ ಪ್ರಕಟಿಸಿತು: ಕೆಟ್ಟಿರುವುದು ಸಿಡಿಎಚ್1.

ಈ ಜೀನ್ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನ್ ಮಾಡಿಸುತ್ತದೆ. ಇಟ್ಟಿಗೆಗಳ ನಡುವಿನ ಗಾರೆಯ ಹಾಗೆ ಅದು ಒಂದು ಜೀವಕೋಶವನ್ನು ಪಕ್ಕದ್ದಕ್ಕೆ ಹಿಡಿದಿಡುತ್ತದೆ. ನಮಗೆಲ್ಲ ಈ ಜೀನಿನ ಎರಡು ಪ್ರತಿ ಇರುತ್ತವೆ. ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದು, ಜಠರದ ಯಾವುದೋ ಒಂದು ಕೋಶದಲ್ಲಿ ಇನ್ನೊಂದೂ ಕೆಟ್ಟರೆ ಆ ಕೋಶ ಹಿಡಿತ ತಪ್ಪಿಸಿಕೊಳ್ಳಬಹುದು. ಗಡ್ಡೆ ಕಟ್ಟುವುದಿಲ್ಲ. ಒಳಪದರದ ಕೆಳಗೆ ಒಂದೊಂದೇ ಕೋಶವಾಗಿ ಹರಡುತ್ತದೆ. ಎಂಡೋಸ್ಕೋಪಿಯಲ್ಲಿ ನೋಡಿದರೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ, ಕಾಣಿಸಿಕೊಳ್ಳುವ ಹೊತ್ತಿಗೆ ತಡವಾಗಿರುತ್ತದೆ. ಹಾಗಾಗಿಯೇ ಏನೂ ತೊಂದರೆಯಿಲ್ಲದೆ ಓಡಾಡಿಕೊಂಡಿರುವ, ಇಪ್ಪತ್ತು ಮೂವತ್ತರ ಹರೆಯದವರಿಗೆ ವೈದ್ಯರು ಜಠರ ತೆಗೆಸಿಕೊಳ್ಳಿ ಅನ್ನುವುದು. ಅಪ್ಪ ಅಥವಾ ಅಮ್ಮನಲ್ಲಿ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಹೆಂಗಸರಿಗೆ ಒಂದು ಬಗೆಯ ಸ್ತನ ಕ್ಯಾನ್ಸರಿನ ಅಪಾಯವೂ ಜೊತೆಗೇ ಬರುತ್ತದೆ.

ಜಠರವಿಲ್ಲದೆ ಬದುಕಬಹುದು ಅಂತ ಗೊತ್ತಾಗಿದ್ದು 1897ರಲ್ಲಿ, ಜ್ಯೂರಿಚ್‌ನ ಕಾರ್ಲ್ ಶ್ಲಾಟರ್ ಎಂಬ ಸರ್ಜನ್ ಮಾಡಿದ ಆಪರೇಷನ್ನಿನಿಂದ. ಈಗ ಮಾಡುವುದು ಇಷ್ಟು: ಅನ್ನನಾಳವನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸುತ್ತಾರೆ. ಕೇಳೋಕೆ ಸುಲಭ. ಆಮೇಲಿನ ಬದುಕು ಸುಲಭವಲ್ಲ. ಹಸಿವಿನ ಹಾರ್ಮೋನ್ ಗ್ರೆಲಿನ್ ಬಹುಪಾಲು ಹುಟ್ಟುವುದು ಜಠರದಲ್ಲೇ, ಅದು ಹೋದ ಮೇಲೆ ಎಷ್ಟೋ ಜನ ಗಡಿಯಾರ ನೋಡಿಕೊಂಡು ಊಟ ಮಾಡಬೇಕಾಗುತ್ತದೆ. ಬಿ12 ಹೀರಿಕೊಳ್ಳಲು ಬೇಕಾದ ಪ್ರೋಟೀನೂ ಅಲ್ಲಿಂದಲೇ ಬರಬೇಕು, ಹಾಗಾಗಿ ಬಿ12 ಅನ್ನು ಜೀವಮಾನವಿಡೀ ಹೊರಗಿನಿಂದ, ಸಾಮಾನ್ಯವಾಗಿ ಇಂಜೆಕ್ಷನ್ ಆಗಿ, ತೆಗೆದುಕೊಳ್ಳಬೇಕು. ಕಬ್ಬಿಣ, ಕ್ಯಾಲ್ಸಿಯಂ ಸರಿಯಾಗಿ ಸೇರುವುದಿಲ್ಲ. ತೂಕವಂತೂ ಚೆನ್ನಾಗಿಯೇ ಇಳಿಯುತ್ತದೆ.

ಈಗ ಓಟಕ್ಕೆ ಬನ್ನಿ. 60 ಕಿಲೋ ತೂಕದವರು ನೂರು ಕಿಲೋಮೀಟರ್ ಓಡಲು ಸುಮಾರು 6,000 ಕ್ಯಾಲೊರಿ ಬೇಕು. ಸ್ನಾಯು ಮತ್ತು ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆಯಿಂದ ಸಿಗುವುದು 2,000ದ ಆಸುಪಾಸು. ಕೊಬ್ಬು ಇದೆ ನಿಜ, ಆದರೆ ಅದು ನಿಧಾನ. ಅದಕ್ಕೇ ಓಟಗಾರರು ದಾರಿಯುದ್ದಕ್ಕೂ ಸಿಹಿ ಜೆಲ್ ಚೀಪುತ್ತಾ ಹೋಗುತ್ತಾರೆ. ಜಠರ ಇದ್ದಿದ್ದರೆ ಅದನ್ನು ತಡೆದು ಸ್ವಲ್ಪ ಸ್ವಲ್ಪವೇ ಕೆಳಗೆ ಬಿಡುತ್ತಿತ್ತು. ಈಗ ಅಷ್ಟೂ ಸಕ್ಕರೆ ಒಂದೇ ಸಲಕ್ಕೆ ಕರುಳಿಗೆ ಬೀಳುತ್ತದೆ. ಅದು ರಕ್ತದಿಂದ ನೀರು ಎಳೆದುಕೊಳ್ಳುತ್ತದೆ, ಹೊಟ್ಟೆ ಹಿಂಡುತ್ತದೆ, ಎದೆ ಡವಡವ ಅನ್ನುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ. ಒಂದೆರಡು ಗಂಟೆ ಬಿಟ್ಟು ಇನ್ಸುಲಿನ್ ಅತಿಯಾಗಿ ಸುರಿದು ಸಕ್ಕರೆ ಕುಸಿದು ತಲೆ ತಿರುಗಿದರೂ ಆಶ್ಚರ್ಯವಿಲ್ಲ. ಇದಕ್ಕೆ ಡಂಪಿಂಗ್ ಅನ್ನುತ್ತಾರೆ.

ಇಲ್ಲಿ ದೇಹವೇ ಕೊಂಚ ನೆರವಿಗೆ ಬರುತ್ತದೆ. ಓಡುವಾಗ ಅಡ್ರಿನಾಲಿನ್‌ನಂಥ ಹಾರ್ಮೋನುಗಳು ಇನ್ಸುಲಿನ್ ಏರದಂತೆ ಹಿಡಿಯುತ್ತವೆ, ಸ್ನಾಯುಗಳು ಇನ್ಸುಲಿನ್ ಹಂಗಿಲ್ಲದೆಯೂ ಗ್ಲೂಕೋಸ್ ಎಳೆದುಕೊಳ್ಳುತ್ತವೆ. ಆದರೂ ಗುಟುಕು ಗುಟುಕಾಗಿ, ತುತ್ತು ತುತ್ತಾಗಿ, ತಿಂಗಳುಗಟ್ಟಲೆ ಪ್ರಯೋಗ ಮಾಡಿ ತಮ್ಮ ಕರುಳು ಯಾವುದನ್ನು ಒಪ್ಪುತ್ತದೆ ಅಂತ ಕಂಡುಕೊಳ್ಳಲೇಬೇಕು. ‘ಛಲವೊಂದಿದ್ದರೆ ಸಾಕು’ ಅನ್ನುವ ಹೆಡ್‌ಲೈನ್‌ಗಳು ನನಗೆ ಕಿರಿಕಿರಿ ಮಾಡುವುದು ಇದಕ್ಕೇ. ಆಪರೇಷನ್ ಆದ ಎಷ್ಟೋ ಜನರಿಗೆ ಒಂದು ಊಟ ಮುಗಿಸುವುದೇ ಕಷ್ಟ, ಅವರಿಗೇನು ಛಲ ಇಲ್ವಾ?

ಹಾಗಾದರೆ ಕೂಡಿಸಿದ ದುಡ್ಡು ಯಾವ ಪ್ರಶ್ನೆಗೆ ಬೇಕು? ಜಠರ ತೆಗೆಯಲೇಬೇಕಾದವರು ಯಾರು ಅನ್ನುವ ಪ್ರಶ್ನೆಗೆ. 2015ರ ಒಂದು ದೊಡ್ಡ ಅಧ್ಯಯನದ ಪ್ರಕಾರ ಈ ದೋಷ ಇದ್ದವರಿಗೆ 80 ವರ್ಷದೊಳಗೆ ಜಠರದ ಕ್ಯಾನ್ಸರ್ ಬರುವ ಅಪಾಯ ಗಂಡಸರಲ್ಲಿ 70%, ಹೆಂಗಸರಲ್ಲಿ 56%. 2019ರಲ್ಲಿ ಇನ್ನೊಂದು ತಂಡಕ್ಕೆ ಸಿಕ್ಕಿದ್ದು 42% ಮತ್ತು 33%. ಇಷ್ಟು ವ್ಯತ್ಯಾಸ ಯಾಕೆ? ಮೊದಮೊದಲು ಪರೀಕ್ಷೆಗೆ ಬಂದಿದ್ದು ಸಾವಿನ ಮೇಲೆ ಸಾವು ಕಂಡ ಮನೆಗಳು, ಅಲ್ವಾ? ಅಂಥ ಮನೆಗಳನ್ನೇ ಲೆಕ್ಕ ಹಾಕಿದರೆ ಅಪಾಯ ಜಾಸ್ತಿಯೇ ಕಾಣುತ್ತದೆ. ಈಗ ಬೇರೆ ಕಾರಣಕ್ಕೆ ಜೀನ್ ಪರೀಕ್ಷೆ ಮಾಡಿಸಿದವರಲ್ಲೂ ಇದು ಅಕಸ್ಮಾತ್ತಾಗಿ ಸಿಗುತ್ತಿದೆ, ಅವರ ಮನೆಗಳಲ್ಲಿ ಜಠರದ ಕ್ಯಾನ್ಸರ್ ಯಾರಿಗೂ ಬಂದಿರದೇ ಇರಬಹುದು.

ಇನ್ನೂ ಗೊಂದಲದ ಸಂಗತಿ ಅಂದ್ರೆ, ಮುಂಜಾಗ್ರತೆಗೆಂದು ತೆಗೆದ ಜಠರವನ್ನು ತೆಳುವಾಗಿ ಕತ್ತರಿಸಿ ನೋಡಿದರೆ ಬಹಳಷ್ಟರಲ್ಲಿ ಪುಟ್ಟ ಪುಟ್ಟ ಕ್ಯಾನ್ಸರ್ ತಾಣಗಳು ಸಿಗುತ್ತವೆ. ಆದರೆ ಅಷ್ಟೂ ಜನರಿಗೆ ಕಾಯಿಲೆ ಬಲಿಯುವುದಿಲ್ಲ. ಕೆಲವು ತಾಣಗಳು ವರ್ಷಗಟ್ಟಲೆ ಮಲಗೇ ಇರುತ್ತವೆ, ಕೆಲವು ಎದ್ದು ಹರಡುತ್ತವೆ. ಯಾವುದು ಏಳುತ್ತದೆ ಅಂತ ಮೊದಲೇ ಹೇಳುವ ಪರೀಕ್ಷೆ ಬೇಕಾಗಿದೆ. ಅಲ್ಲಿಯವರೆಗೆ, ಆಪರೇಷನ್ ಬೇಡ ಅನ್ನುವವರಿಗೆ ನುರಿತ ಕೇಂದ್ರಗಳಲ್ಲಿ ಎಂಡೋಸ್ಕೋಪಿ ಮಾಡಿ ಪ್ರತಿ ಸಲ ಮೂವತ್ತರಷ್ಟು ಕಡೆ ಬಯಾಪ್ಸಿ, ಅಂದರೆ ಪರೀಕ್ಷೆಗೆ ಚೂರು ಚೂರು ಮಾಂಸ, ತೆಗೆಯುತ್ತಾರೆ. ಒಟಾಗೋದ ಗಿಲ್‌ಫರ್ಡ್ ತಂಡ ಇ-ಕ್ಯಾಡ್ಹೆರಿನ್ ಕಳೆದುಕೊಂಡ ಕೋಶಗಳನ್ನು ಮಾತ್ರ ಹುಡುಕಿ ಕೊಲ್ಲುವ ಔಷಧದ ಬೆನ್ನು ಹತ್ತಿದೆ. ಅದು ಕೈಗೂಡಿದರೆ ಮುಂದಿನ ತಲೆಮಾರಿನವರು ಜಠರ ಉಳಿಸಿಕೊಂಡೇ ಓಡಬಹುದು, ಎಲ್ಲರಂತೆ ನಡುದಾರಿಯಲ್ಲಿ ವಾಂತಿಯನ್ನೂ ಮಾಡಿಕೊಳ್ಳಬಹುದು.